ಮಿಷನ್ ತುಳಿದು ಬಾಗಿದ ಕಾಲುಗಳು

ಮಾರ್ಚ್ ೩, ಸೋಮವಾರ

ಮಗಳು ತಿಂದಿದ್ದು, ಕುಡಿದಿದ್ದು, ಎಲ್ಲಿ ಬಿದ್ದಳು, ಯಾವಾಗ ಕಾಲು ನೋವೆಂದು ಅತ್ತಳು, ಎಲ್ಲವನ್ನೂ ದಿನಾ ಬರೆದಿಡಿ ಎಂದು ದೊಡ್ಡಾಸ್ಪತ್ರೆಯ ಹೊಸ ಡಾಕ್ಟರಮ್ಮ ಹೇಳಿದ್ದಾರೆ. ಆ ಕೆಲಸ ನನ್ನ ಹೆಂಡತಿಯ ಪಾಲಿಗೆ ಹೋಗಿದೆ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಗೆರೆ ಎಳೆದು ಗಂಟೆ ನಿಮಿಷ ಸಮೇತ ಬರೆಯುತ್ತಾಳೆ. ಅದನ್ನು ನೋಡಿ ನನಗೂ ಚಟ ಹತ್ತಿತು. ನನ್ನದು ಹಳೆಯ ಅಳತೆ ಪುಸ್ತಕದ ಹಿಂಬದಿಯ ಖಾಲಿ ಹಾಳೆಗಳು. ಡಾಕ್ಟರಿಗೆ ತೋರಿಸುವಂಥದ್ದು ಇದರಲ್ಲಿ ಏನೂ ಇರುವುದಿಲ್ಲ. ಮಧ್ಯಾಹ್ನ ಒಂದರಿಂದ ಎರಡರವರೆಗೆ ನನ್ನ ಟೈಲರ್ ಅಂಗಡಿಗೆ ನೊಣವೂ ಬರುವುದಿಲ್ಲ, ಆಗ ಬರೆಯಬಹುದು.

ಮಗಳಿಗೆ ಐದು ವರ್ಷ. ಹುಟ್ಟಿದಾಗ ಕೋಟಿನ ಗುಂಡಿಯಷ್ಟೇ ಇದ್ದಳೆಂದು ಎಲ್ಲರೂ ಗುಂಡಿ ಎಂದೇ ಕರೆಯುತ್ತೇವೆ. ನಡೆಯಲು ಕಲಿತ ದಿನದಿಂದ ಅವಳ ಕಾಲುಗಳು ಹೊರಕ್ಕೆ ಬಾಗುತ್ತಾ ಬಂದಿವೆ. ಪಾದ ಜೋಡಿಸಿ ನಿಂತರೆ ಮೊಣಕಾಲುಗಳ ನಡುವೆ ನನ್ನ ಮುಷ್ಟಿ ಸಲೀಸಾಗಿ ಹಿಡಿಸುತ್ತದೆ. ಎರಡು ವರ್ಷದಿಂದ ವಿಟಮಿನ್ ಹನಿ ಹಾಕಿ, ಬೆಳಗಿನ ಬಿಸಿಲಿಗೆ ಕೂರಿಸಿ ಸಾಕಾಗಿದೆ. ಮೂಳೆಯ ಸರ್ಜನ್ ಕೈ ಚೆಲ್ಲಿ, ಜೂನ್‌ನಲ್ಲಿ ಎರಡೂ ಕಾಲಿನ ಮೂಳೆ ಕತ್ತರಿಸಿ, ನೇರ ಮಾಡಿ, ಪ್ಲೇಟು ಹಾಕೋಣ ಎಂದಿದ್ದಾರೆ. ಈ ಡಾಕ್ಟರಮ್ಮ ಮಾತ್ರ "ಕತ್ತರಿಸೋಕೆ ಮುಂಚೆ ಯಾಕೆ ಬಾಗಿದೆ ಅಂತ ಗೊತ್ತಾಗ್ಬೇಕು. ಕಾರಣ ಒಳಗೇ ಇದ್ರೆ, ನೇರ ಮಾಡಿದ ಕಾಲು ಮತ್ತೆ ಬಾಗತ್ತೆ" ಎಂದರು.

ಬಟ್ಟೆ ಕತ್ತರಿಸಿ ಹೊಟ್ಟೆ ಹೊರೆಯುವವನು ನಾನು. ಆದರೂ ಆ ಮಗುವಿನ ಕಾಲು ಕತ್ತರಿಸುವ ಮಾತು ಕೇಳಿದಾಗಿನಿಂದ ಕತ್ತರಿ ಹಿಡಿಯಲು ಕೈ ಬರುತ್ತಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ (ಯಾರೂ ಕೇಳುವುದಿಲ್ಲ), ಇವಳು ಮಗುವಿಗೆ ಸರಿಯಾಗಿ ಹಾಲು ಕುಡಿಸಿಲ್ಲ. ಬೆಳಗ್ಗೆ ಆಫೀಸಿಗೆ ಓಡುವ ಗಡಿಬಿಡಿಯಲ್ಲಿ ಅರ್ಧ ಲೋಟ ಬಾಯಿಗೆ, ಅರ್ಧ ಲೋಟ ಬಚ್ಚಲಿಗೆ. ಅಮ್ಮ ದಿನಕ್ಕೆರಡು ಸಲ ಹೇಳುತ್ತಾಳೆ, "ಬರೀ ಹೆತ್ರೆ ಆಯ್ತಾ? ತಿನ್ಸೋರು ಯಾರು?"

ಕುಟುಂಬದಲ್ಲಿ ಬೇರೆ ಯಾರಿಗಾದರೂ ಹೀಗೆ ಕಾಲು ಬಾಗಿದೆಯೇ ಎಂದು ಡಾಕ್ಟರಮ್ಮ ಕೇಳಿದರು. ಯಾರಿಗೂ ಇಲ್ಲ ಎಂದೆ. ನನ್ನದು ಲೆಕ್ಕಕ್ಕಿಲ್ಲ. ನನ್ನದು ಹೊಲಿಗೆ ಮಿಷನ್ ತುಳಿದು ಬಾಗಿದ್ದು.

ಮಾರ್ಚ್ ೬, ಗುರುವಾರ

ಅಮ್ಮನಿಗೂ ಇವಳಿಗೂ ಹಾಲಿನ ವಿಷಯಕ್ಕೆ ಜಟಾಪಟಿ. ಇವಳು ಬರೆದಿಟ್ಟ ಪುಸ್ತಕ ತಂದು ಅಮ್ಮನ ಮುಂದೆ ಹಿಡಿದಳು. ಅಮ್ಮ, "ಬರೆಯೋಕೇನಮ್ಮ, ಪೆನ್ನು ಸುಳ್ಳು ಹೇಳಲ್ವಾ?" ಎಂದಳು. ಇವಳು ನನ್ನ ಮುಖ ನೋಡಿದಳು. ನಾನು ದಾರ ಪೋಣಿಸುವವನ ಹಾಗೆ ತಲೆ ತಗ್ಗಿಸಿದೆ. ಕೈಯಲ್ಲಿ ಸೂಜಿಯೇ ಇರಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಮಾನ ಹರಾಜಾಯಿತು.

ರಕ್ತದ ರಿಪೋರ್ಟು ಬಂದಿತ್ತು. ಗುಂಡಿಗೆ ವಿಟಮಿನ್ ಸರಿಯಾಗಿದೆ, ಕ್ಯಾಲ್ಸಿಯಂ ಸರಿಯಾಗಿದೆ. ಫಾಸ್ಫೇಟ್ ಎನ್ನುವ ಒಂದು ಅಂಶ ಮಾತ್ರ ತಳ ಕಂಡಿದೆ. ಎರಡು ವರ್ಷದಲ್ಲಿ ಅದನ್ನು ಯಾರೂ ಅಳೆದೇ ಇರಲಿಲ್ಲವಂತೆ. ಡಾಕ್ಟರಮ್ಮ ಮತ್ತೆ ಅದೇ ಪ್ರಶ್ನೆ ಎತ್ತಿದರು. ಮತ್ತೆ ಯಾರಿಗೂ ಇಲ್ಲ ಎಂದೆ. ಆಗ ಅವರು ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಗುಂಡಿಯನ್ನು, ಸುಮ್ಮನೆ ಮಾತಾಡಿಸುವ ಹಾಗೆ, "ನಿನ್ನ ಥರಾ ಕಾಲು ಇನ್ಯಾರ್ಗಿದೆ ಪುಟ್ಟಾ?" ಎಂದರು.

"ಅಪ್ಪಂಗೆ" ಎಂದಳು ಮಹಾರಾಯಿತಿ. "ಸ್ನಾನ ಮಾಡಿ ಬರೋವಾಗ ನೋಡಿದೀನಿ. ಅಪ್ಪಂದು ನಂಗಿಂತ ಚೆನ್ನಾಗಿ ಬಾಗಿದೆ."

ಇಪ್ಪತ್ತೈದು ವರ್ಷದಿಂದ ನನ್ನ ಪ್ಯಾಂಟನ್ನು ನಾನೇ ಹೊಲಿದುಕೊಳ್ಳುತ್ತೇನೆ. ದಪ್ಪ ಬಟ್ಟೆ, ಮೊಣಕಾಲಿನ ಹತ್ತಿರ ಸಡಿಲ, ಇಸ್ತ್ರಿಯ ಗೆರೆ ಅರ್ಧ ಬೆರಳು ಒಳಕ್ಕೆ. ಹಾಗೆ ಮಾಡಿದರೆ ಎಂಥ ಕಾಲೂ ನೆಟ್ಟಗೆ ಕಾಣುತ್ತದೆ. ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲದ್ದನ್ನು ನನ್ನ ಮಗಳು ಎರಡೇ ಮಾತಿನಲ್ಲಿ ಬಿಚ್ಚಿಟ್ಟಳು. ಡಾಕ್ಟರಮ್ಮ ಬಾಗಿಲು ಹಾಕಿಸಿ, "ಪ್ಯಾಂಟು ಸ್ವಲ್ಪ ಮಡಚಿ ತೋರಿಸ್ತೀರಾ?" ಎಂದರು. ಮಡಚಿ ತೋರಿಸಿದೆ.

"ಇದು ಮಿಷನ್ ತುಳಿದು ಆಗಿದ್ದು ಮೇಡಂ. ಅದು ಬೇರೆ."

ಅವರು ನಗಲಿಲ್ಲ. "ಮಿಷನ್ ಮೇಲೆ ಯಾವ ವಯಸ್ಸಿಗೆ ಕೂತ್ರಿ?"

"ಒಂಬತ್ತು."

"ಅದಕ್ಕೆ ಮುಂಚೆ ಕಾಲು ನೆಟ್ಟಗಿತ್ತಾ?"

ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ. ನಲವತ್ತು ವರ್ಷವಾಯಿತು, ಹೀಗೊಂದು ಪ್ರಶ್ನೆ ಇದೆಯೆಂದೇ ನನಗೆ ಹೊಳೆದಿರಲಿಲ್ಲ. ನೋವು ಬರುತ್ತದೆಯೇ ಎಂದೂ ಕೇಳಿದರು. ಇಲ್ಲ ಎಂದೆ. ಹುಳುಕಿಲ್ಲದ ಹಲ್ಲಿನ ಬುಡ ಕೀವು ತುಂಬಿ ಊದಿಕೊಂಡದ್ದು ಉಂಟೇ ಎಂದರು. ಮೂರು ಸಲ ಉಂಟು. ಇದು ಅವರಿಗೆ ಹೇಗೆ ಗೊತ್ತಾಯಿತೋ!

ಮಾರ್ಚ್ ೧೫, ಶನಿವಾರ

ಅಮ್ಮನನ್ನು ಕೇಳಿದೆ. ಕಾಳು ಆರಿಸುತ್ತಾ ಕೂತಿದ್ದಳು, ತಲೆ ಎತ್ತಲಿಲ್ಲ.

"ನೆಟ್ಟಗಿತ್ತು. ಸ್ಕೇಲಿನ ಥರಾ ಇತ್ತು. ನಿಮ್ಮಪ್ಪ ಆ ಸುಡುಗಾಡು ಮಿಷನ್ ಮೇಲೆ ಕೂರಿಸಿದ್ಮೇಲೇ ಹಿಂಗಾಗಿದ್ದು."

ಅಪ್ಪ ಇಲ್ಲ, ಇದ್ದಿದ್ದರೆ ಅವನನ್ನೂ ಕೇಳಬಹುದಿತ್ತು. ಅಮ್ಮ ಹೇಳಿದ ಮೇಲೆ ಮುಗಿಯಿತು. ಡಾಕ್ಟರಿಗೆ ಹಾಗೆಯೇ ತಿಳಿಸುವುದು.

ಮಾರ್ಚ್ ೧೭, ಸೋಮವಾರ

ಮುಗಿಯಲಿಲ್ಲ.

ಅಪ್ಪನ ಕಾಲದಿಂದ ನಮ್ಮ ಅಂಗಡಿಯಲ್ಲಿ ಗುಂಡಿ ತೂತುಗಳಿಗೆ ಕಾಜಾ ಹೊಲಿಯುವ ಮುದುಕ ಒಬ್ಬನಿದ್ದಾನೆ. ಎಲ್ಲರಿಗೂ ಕಾಜಾ ತಾತ. ಕಣ್ಣು ಮಂದ, ನಾಲಿಗೆ ಮಾತ್ರ ಹೊಸ ಬ್ಲೇಡು. ಮಾತಿಗೆ ಮಾತು ಬಂದು ಡಾಕ್ಟರ ಪ್ರಶ್ನೆಯನ್ನು ಅವನಿಗೆ ಹೇಳಿದೆ. ಅವನು ಸೂಜಿ ಕೆಳಗಿಟ್ಟು, ಎದ್ದು ನಿಂತು, ತನ್ನ ಪ್ಯಾಂಟನ್ನು ತೊಡೆಯವರೆಗೆ ಎಳೆದುಕೊಂಡ. ಒಣಗಿದ ಕೋಲಿನಂಥ ಎರಡು ನೆಟ್ಟನೆಯ ಕಾಲು.

"ಕಾಜಾಕ್ಕೆ ಬರೋಕೆ ಮುಂಚೆ ಮೂವತ್ತೈದು ವರ್ಷ ತುಳಿದಿದೀನಿ ಕಣೋ. ತುಳಿದ್ರೆ ಕಾಲು ಬಾಗೋದಾದ್ರೆ ನಾನು ಇಷ್ಟೊತ್ತಿಗೆ ಚಕ್ರ ಆಗಿ ಉರುಳಿಕೊಂಡು ಹೋಗ್ಬೇಕಿತ್ತು."

"ಮತ್ತೆ ನನ್ನದು?"

"ನಿಂದು ಬರೋವಾಗ್ಲೇ ಹಂಗಿತ್ತು. ಪೆಡಲಿಗೆ ಕಾಲು ನಿಲುಕ್ತಿರ್ಲಿಲ್ಲ ಅಂತ ಹಲಗೆ ಕಟ್ಟಿಕೊಟ್ಟೋನು ನಾನೇ. ನಿಮ್ಮಪ್ಪ ನಿನ್ನ ಯಾಕೆ ಇಲ್ಲಿ ಕೂರಿಸ್ದ ಗೊತ್ತಾ? ಓಡಾಡೋ ಕೆಲಸ ಇವನ ಕೈಲಾಗಲ್ಲ, ಕೂತು ಮಾಡೋದು ಕಲೀಲಿ ಅಂತ."

ಅಂದರೆ ಮಿಷನ್‌ನಿಂದ ಕಾಲು ಬಾಗಿದ್ದಲ್ಲ. ಕಾಲು ಬಾಗಿದ್ದರಿಂದ ಮಿಷನ್.

ಅಮ್ಮ ಯಾಕೆ ಸುಳ್ಳು ಹೇಳಿದಳು ಎನ್ನುವುದಕ್ಕಿಂತ ಬೇರೊಂದು ಯೋಚನೆ ಕೊರೆಯುತ್ತಿದೆ. ಇದು ನನ್ನಿಂದಲೇ ಗುಂಡಿಗೆ ಹೋಗಿದ್ದರೆ? ನಾನು ಅವಳಿಗೆ ಕೊಟ್ಟದ್ದು ಇದೇ ಆಗಿದ್ದರೆ?

ಮಾರ್ಚ್ ೨೦, ಗುರುವಾರ

ಒಂದು ಕೋಟಿನ ಎಡತೋಳನ್ನು ಬಲಕ್ಕೆ ಜೋಡಿಸಿದೆ. ಹದಿಮೂರು ವರ್ಷದವನಿದ್ದಾಗಲೂ ಇಂಥ ತಪ್ಪು ಮಾಡಿದವನಲ್ಲ.

ಮಾರ್ಚ್ ೨೪, ಸೋಮವಾರ

ವಂಶದಲ್ಲಿ ಬಂದದ್ದೇ ಎಂದು ನೋಡುವ ಜೆನೆಟಿಕ್ ಟೆಸ್ಟಿಗೆ ಮೂವರ ರಕ್ತ ಕೊಟ್ಟು ಬಂದೆವು. ನಾನು ಹೋಗಿ, ಕೂತು, ಮೊದಲ ಮಾತಿಗೇ ಹೇಳಿಬಿಟ್ಟೆ, "ನಂದು ಮಿಷನ್‌ನಿಂದ ಆಗಿದ್ದಲ್ಲವಂತೆ ಮೇಡಂ." ಡಾಕ್ಟರಮ್ಮ ಬರೆದುಕೊಂಡರು, ಅಷ್ಟೆ. ಬೈಯುತ್ತಾರೆಂದುಕೊಂಡಿದ್ದೆ.

ಫಲಿತಾಂಶಕ್ಕೆ ಐದಾರು ವಾರವಂತೆ. ಗುಂಡಿ ಸೂಜಿಗೆ ಅಳಲಿಲ್ಲ. "ಅಪ್ಪನ ಅಂಗಡೀಲಿ ಇದಕ್ಕಿಂತ ದೊಡ್ಡದು ಇದೆ" ಎಂದು ನರ್ಸಿಗೇ ಹೇಳಿದಳು. ನಾನು ಮುಖ ತಿರುಗಿಸಿಕೊಂಡಿದ್ದೆ.

ಅಮ್ಮನದೂ ಬೇಕಾಗಬಹುದು ಎಂದಿದ್ದರು. ಮನೆಗೆ ಬಂದು ಹೇಳಿದ್ದೇ ತಡ, "ಈ ವಯಸ್ಸಲ್ಲಿ ನನ್ನ ರಕ್ತ ತಗೊಂಡು ಏನ್ ಮಾಡ್ತಾರೆ? ನಾನ್ ಬರಲ್ಲ" ಎಂದು ಬಾಗಿಲು ಹಾಕಿಕೊಂಡಳು. ಇವಳು ಹೊರಗಿನಿಂದ, "ಬೇಡ ಬಿಡಿ ಅತ್ತೆ, ಯಾರೂ ಬಲವಂತ ಮಾಡಲ್ಲ" ಎಂದಳು. ದಿನಾ ಅಷ್ಟು ಮಾತು ಕೇಳಿಸಿಕೊಂಡವಳಿಗೆ ಇಷ್ಟು ಮೆತ್ತಗೆ ಮಾತಾಡಲು ಹೇಗೆ ಬರುತ್ತದೋ ನಾ ಕಾಣೆ.

ಏಪ್ರಿಲ್ ೧೨, ಶನಿವಾರ

ಸರ್ಜನ್ ಕಡೆಯಿಂದ ಫೋನು. ಜೂನ್ ಒಂಬತ್ತನ್ನು ಖಾಯಂ ಮಾಡಲೇ ಎಂದು ಕೇಳಿದರು. ಇನ್ನೂ ರಿಪೋರ್ಟು ಬಂದಿಲ್ಲ ಎಂದು ಗೋಗರೆದೆ. ಮೇ ಹತ್ತರೊಳಗೆ ಹೇಳಬೇಕಂತೆ, ಇಲ್ಲದಿದ್ದರೆ ಮತ್ತೆ ಸರದಿ ಸಿಗಲು ಒಂದು ವರ್ಷ. ಕತ್ತರಿಸಿ ಎನ್ನಲೂ ಬಾಯಿಲ್ಲ, ಬೇಡ ಎನ್ನಲೂ ಧೈರ್ಯವಿಲ್ಲ.

ಮಧ್ಯಾಹ್ನ ಏನೋ ಹುಡುಕಲು ಹೋಗಿ ಇವಳ ಪುಸ್ತಕ ಕೈಗೆ ಸಿಕ್ಕಿತು. ತೆರೆದೆ. ಬೆಳಗ್ಗೆ ಏಳೂಕಾಲು, ಹಾಲು, ಪೂರ್ತಿ ಲೋಟ. ಸಂಜೆ ಆರೂವರೆ, ಹಾಲು, ಪೂರ್ತಿ ಲೋಟ. ಒಂದೇ ಒಂದು ದಿನ ತಪ್ಪಿಲ್ಲ. ಒಂದು ಕಡೆ, "ಮುಕ್ಕಾಲು ಲೋಟ, ಉಳಿದದ್ದು ಚೆಲ್ಲಿದಳು, ಮತ್ತೆ ಕಾಸಿ ಕೊಟ್ಟೆ." ಪೆನ್ನು ಸುಳ್ಳು ಹೇಳಬಹುದು, ಆದರೆ ಚೆಲ್ಲಿದ್ದನ್ನು ಯಾರಾದರೂ ಸುಳ್ಳಾಗಿ ಬರೆಯುತ್ತಾರೆಯೇ?

ಪುಟದ ಅಂಚಿನಲ್ಲಿ ಇನ್ನೊಂದು ಸಣ್ಣ ಕಾಲಂ ಇತ್ತು. ಅದಕ್ಕೆ ಹೆಸರಿಲ್ಲ. "ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದರು." "ಬೆಳಗ್ಗೆ ಎದ್ದು ಹತ್ತು ನಿಮಿಷ ಮಂಚದ ಮೇಲೇ ಕೂತಿದ್ದರು." "ಕೇಳಿದರೆ ಏನಿಲ್ಲ ಎಂದರು." ಇದು ಗುಂಡಿಯ ವಿಷಯವಲ್ಲ, ನನ್ನದು. ಮದುವೆಯಾಗಿ ಎಂಟು ವರ್ಷ. ಇಸ್ತ್ರಿ ಗೆರೆ ಒಳಕ್ಕೆ ಕೂರಿಸಿ ಇಡೀ ಊರನ್ನು ಯಾಮಾರಿಸಿದೆನೆಂದು ಬೀಗುತ್ತಿದ್ದವನು, ಸ್ವಂತ ಮನೆಯಲ್ಲೇ ಬೆತ್ತಲಾಗಿ ಓಡಾಡುತ್ತಿದ್ದೆ.

ಸಿಟ್ಟು ಬಂತು. ಆಮೇಲೆ ಹೋಯಿತು. ಸಂಜೆಯ ಹಾಲು ನಾನೇ ಕಾಸಿ ಕೊಟ್ಟೆ. ಇವಳು "ಏನು ವಿಶೇಷ?" ಎಂದಳು. ಏನಿಲ್ಲ ಎಂದೆ. ಇದನ್ನೂ ಬರೆದುಕೊಂಡಿರುತ್ತಾಳೆ.

ಏಪ್ರಿಲ್ ೩೦, ಬುಧವಾರ

ರಿಪೋರ್ಟು ಬಂದಿದೆಯಂತೆ. ಶುಕ್ರವಾರ ಬನ್ನಿ ಎಂದರು. ಫೋನಿನಲ್ಲೇ ಹೇಳಿ ಎಂದರೆ ಹೇಳಲಿಲ್ಲ.

ಮೇ ೨, ಶುಕ್ರವಾರ

ಇವತ್ತು ಅಂಗಡಿ ತೆರೆದಿಲ್ಲ. ಮನೆಯಲ್ಲೇ ಕೂತು ಬರೆಯುತ್ತಿದ್ದೇನೆ. ಆದದ್ದನ್ನು ಆದ ಹಾಗೆ ಬರೆಯಬೇಕು.

ಬೆಳಗ್ಗೆ ಹೊರಡುವಾಗ ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಾನೂ ಬರ್ತೀನಿ" ಎಂದಳು. ಯಾಕೆಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ. ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಡಾಕ್ಟರಮ್ಮ ಕಾಗದ ಬಿಡಿಸಿ, ಸುತ್ತು ಬಳಸದೆ ಹೇಳಿದರು. ಗುಂಡಿಗಿರುವುದು ವಂಶದಲ್ಲಿ ಬರುವ ಅಪರೂಪದ ಮೂಳೆ ಕಾಯಿಲೆ. ಒಂದು ಜೀನಿನಲ್ಲಿ ಆದ ಸಣ್ಣ ವ್ಯತ್ಯಾಸ. ಅದೇ ಜಾಗದಲ್ಲಿ ಅದೇ ವ್ಯತ್ಯಾಸ ನನಗೂ ಇದೆ. ಇವಳಿಗೆ ಇಲ್ಲ.

"ಮೂಳೆ ಗಟ್ಟಿಯಾಗೋಕೆ ಫಾಸ್ಫೇಟ್ ಬೇಕು. ನಿಮ್ಮಿಬ್ಬರ ಮೈಯಲ್ಲಿ ಅದು ನಿಲ್ಲಲ್ಲ, ಮೂತ್ರದಲ್ಲಿ ಹೊರಟು ಹೋಗತ್ತೆ. ನೀವು ಟೈಲರ್ ಅಲ್ವಾ? ಜೇಬಲ್ಲಿ ತೂತು ಅಂದ್ಕೊಳ್ಳಿ. ಮೇಲಿಂದ ಎಷ್ಟು ಹಾಕಿದ್ರೂ ನಿಲ್ಲಲ್ಲ."

"ಹೊಲಿಯೋಕಾಗತ್ತಾ ಮೇಡಂ?" ಎಂದೆ.

"ತೂತು ಹೊಲಿಯೋಕಾಗಲ್ಲ. ಆದ್ರೆ ಸೋರಿದಷ್ಟನ್ನ ದಿನಾ ಮತ್ತೆ ತುಂಬಿಸ್ಬಹುದು. ಔಷಧಿ ಇದೆ. ಇವಳಿಗಿನ್ನೂ ಐದು ವರ್ಷ, ಮೂಳೆ ಬೆಳೀತಾ ಇದೆ. ಔಷಧಿ ಶುರು ಮಾಡಿದ್ರೆ ಎಷ್ಟೋ ಮಕ್ಕಳ ಕಾಲು ತಾನಾಗೇ ಸುಮಾರು ನೇರ ಆಗತ್ತೆ. ಆಪರೇಷನ್ ಈಗ ಬೇಡ. ಮುಂದೆ ಬೇಕಾಗಲೂಬಹುದು, ಬೇಡವಾಗಲೂಬಹುದು. ಜೂನ್‌ನಲ್ಲಂತೂ ಇಲ್ಲ. ಸರ್ಜನ್ ಹತ್ರ ನಾನೇ ಮಾತಾಡ್ತೀನಿ."

ಜೂನ್‌ನಲ್ಲಂತೂ ಇಲ್ಲ! ನನ್ನ ಎದೆಯ ಮೇಲಿನ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ನನ್ನಿಂದಲೇ ಬಂದದ್ದು ಎಂದು ಗೊತ್ತಾದರೆ ಕುಸಿದು ಹೋಗುತ್ತೇನೆಂದು ತಿಂಗಳಿಂದ ಹೆದರಿದ್ದೆ. ಆ ಮಾತು ಬಂತು, ಹೋಯಿತು, ಕತ್ತರಿಸುವುದಿಲ್ಲ ಎನ್ನುವುದರ ಮುಂದೆ ಅದು ಲೆಕ್ಕಕ್ಕೇ ಬರಲಿಲ್ಲ. ಇವಳು ನನ್ನ ಕೈ ಹಿಡಿದುಕೊಂಡಿದ್ದಳು. ಯಾವಾಗ ಹಿಡಿದಳೋ.

ಆಗ ಅಮ್ಮ ಮೂಲೆಯ ಕುರ್ಚಿಯಿಂದ ಕೇಳಿದಳು, "ಹಾಲು ಕಮ್ಮಿ ಆಗಿದ್ರಿಂದ ಅಲ್ವಾ ಹಾಗಾದ್ರೆ?"

"ಅಲ್ಲಮ್ಮ. ದಿನಾ ಒಂದು ಬಿಂದಿಗೆ ಹಾಲು ಕುಡಿಸಿದ್ರೂ ಕಾಲು ಬಾಗ್ತಿತ್ತು."

"ಎದೆಹಾಲು ಬೇಗ ಬಿಡಿಸಿದ್ರೆ?"

"ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ."

"ಬಸುರೀಲಿ ಸರಿಯಾಗಿ ಊಟ ಮಾಡ್ದಿದ್ರೆ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಮ್ಮ ಕೇಳುತ್ತಿರುವುದು ಗುಂಡಿಯ ವಿಷಯ ಅಲ್ಲ ಎಂದು ನಮಗಿಂತ ಮೊದಲು ಅವರಿಗೇ ಗೊತ್ತಾಯಿತು. "ನೀವು ಯಾರೂ ಏನೂ ತಪ್ಪು ಮಾಡಿಲ್ಲಮ್ಮ. ಇದು ಗಂಡುಮಕ್ಕಳಿಗೆ ಬಂದ್ರೆ ತಾಯಿ ಕಡೆಯಿಂದ ಬಂದಿರತ್ತೆ, ಇಲ್ಲಾ ಹೊಸದಾಗಿ ಶುರುವಾಗಿರತ್ತೆ. ಎರಡರಲ್ಲೂ ಯಾರ ಕೈಯೂ ಇರಲ್ಲ."

ಅಮ್ಮ ಪಾದದವರೆಗೆ ಇಳಿಬಿಟ್ಟಿದ್ದ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಮೊಣಕಾಲಿನವರೆಗೆ ಎತ್ತಿದಳು. ಅರವತ್ತಾರು ವರ್ಷದ ಅಮ್ಮನ ಕಾಲನ್ನು ನಾನು ನೋಡಿದ್ದು ಇದೇ ಮೊದಲು. ನನ್ನವೇ ಕಾಲುಗಳು. ಗುಂಡಿಯವೇ ಕಾಲುಗಳು.

"ಇದೇನಾ?" ಎಂದಳು.

"ಇದೇ" ಎಂದರು ಡಾಕ್ಟರಮ್ಮ.

ಗುಂಡಿ ಮೇಜಿನಿಂದ ಇಳಿದು ಹತ್ತಿರ ಹೋಗಿ ನೋಡಿ, "ಅಜ್ಜೀದೇ ಫಸ್ಟು" ಎಂದಳು. ಅಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂತು.

ಪರೀಕ್ಷೆಗೆ ರಕ್ತ ಕೊಟ್ಟು ಹೊರಗೆ ಬಂದ ಮೇಲೆ ಬೆಂಚಿನ ಮೇಲೆ ಕೂತು ಒಂದೊಂದಾಗಿ ಹೇಳಿದಳು. ನನಗೆ ಎರಡು ವರ್ಷವಾದಾಗ ಕಾಲು ಬಾಗಲು ಶುರುವಾಯಿತಂತೆ. ಅಮ್ಮನ ಹಾಲಿನಲ್ಲಿ ಸತ್ವವಿಲ್ಲ, ಮಗುವನ್ನು ಉಪವಾಸ ಕೆಡವಿದ್ದಾಳೆ ಎಂದು ಅವಳ ಅತ್ತೆ, ಅಂದರೆ ನನ್ನ ಅಜ್ಜಿ, ಕಂಡಕಂಡವರ ಮುಂದೆ ಆಡಿದರಂತೆ. ಅಮ್ಮ ಅದನ್ನು ನಂಬಿಯೂ ಬಿಟ್ಟಳಂತೆ. ನಾನು ಅಂಗಡಿಗೆ ಹೋಗಲು ಶುರು ಮಾಡಿದಾಗ ಮಿಷನ್ ಒಂದು ನೆಪ ಸಿಕ್ಕಿತು. "ಮಿಷನ್‌ನಿಂದ ಅಂತ ನಾನೇ ಹೇಳ್ತಾ ಬಂದೆ. ಆಮೇಲೆ ಎಲ್ರೂ ಅದನ್ನೇ ಹೇಳಿದ್ರು. ನಿಂಗೆ ನಾನು ಹೊಟ್ಟೆಗೆ ಸರಿಯಾಗಿ ಹಾಕ್ಲಿಲ್ಲ ಅಂತ ನೀನು ಅಂದ್ಕೋಬಾರ್ದು ಅಂತ."

ನಲವತ್ತು ವರ್ಷ! ನಾನು ಹಾಗೆ ಯಾವತ್ತೂ ಅಂದುಕೊಳ್ಳಲಿಲ್ಲವಲ್ಲ ಅಮ್ಮ ಎಂದೆ.

ಅವಳು ನನ್ನ ಕಡೆ ನೋಡಲೇ ಇಲ್ಲ. ಇವಳ ಕಡೆ ತಿರುಗಿ, "ನಾನು ಕೇಳಿಸ್ಕೊಂಡಿದ್ದನ್ನೆಲ್ಲ ನಿಂಗೆ ಹೇಳಿಬಿಟ್ಟೆ ಕಣಮ್ಮ" ಎಂದಳು.

ಇವಳು ಎರಡು ವರ್ಷದ ಅಳುವನ್ನು ಅಲ್ಲೇ, ಆಸ್ಪತ್ರೆಯ ಕಾರಿಡಾರಿನಲ್ಲೇ ಅತ್ತು ಮುಗಿಸಿದಳು. ಅಮ್ಮ ಸೆರಗು ಕೊಟ್ಟಳು. ನಾನು ಎದ್ದು ನೀರು ತರಲು ಹೋದೆ. ನೀರು ಯಾರೂ ಕೇಳಿರಲಿಲ್ಲ. ನನಗೂ ಹೇಳುವುದಿತ್ತು, ಬಾಯಿಗೆ ಬರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಇವಳಿಗೆ ಮೆಲ್ಲಗೆ, "ಪೂರ್ತಿ ಲೋಟ ಅಂತ ನೋಡಿದೆ, ನಿನ್ನ ಪುಸ್ತಕದಲ್ಲಿ" ಎಂದೆ. ಅವಳಿಗೆ ಅರ್ಥವಾಗಿರಬೇಕು. "ನಿಮ್ಮ ಪುಸ್ತಕ ನಾನು ನೋಡಿಲ್ಲ" ಎಂದಳು. ದೇವರು ದೊಡ್ಡವನು.

ಮೇ ೫, ಸೋಮವಾರ

ಔಷಧಿ ಶುರು. ದಿನಕ್ಕೆ ಐದು ಸಲ ಒಂದು ದ್ರಾವಣ, ಜೊತೆಗೆ ಒಂದು ಮಾತ್ರೆ. ದ್ರಾವಣದ ರುಚಿ ಹೇಗಿದೆಯೆಂದು ನಾನೂ ನೆಕ್ಕಿ ನೋಡಿದೆ. ಉಪ್ಪು, ಹುಳಿ, ಸೋಪು ಮೂರೂ ಜಗಳವಾಡಿದ ಹಾಗಿದೆ. ಗುಂಡಿ ಮೂಗು ಹಿಡಿದು ಕುಡಿದು, "ಇದನ್ನ ಯಾರು ಮಾಡಿದ್ದು? ಕರೀರಿ ಅವ್ರನ್ನ" ಎಂದಳು.

ಐದು ಹೊತ್ತನ್ನು ಹಂಚಿಕೊಂಡಿದ್ದೇವೆ. ಬೆಳಗ್ಗೆ ಇವಳು, ಹನ್ನೊಂದಕ್ಕೂ ಮೂರಕ್ಕೂ ಅಮ್ಮ, ಸಂಜೆ ನಾನು, ಮಲಗುವ ಮುನ್ನ ಇವಳು. ಪುಸ್ತಕದಲ್ಲಿ ಈಗ ಮೂವರ ಕೈಬರಹ. ಸರ್ಜನ್ ಕಡೆಯವರೇ ಫೋನು ಮಾಡಿ ಜೂನ್ ಒಂಬತ್ತನ್ನು ಬೇರೆಯವರಿಗೆ ಕೊಟ್ಟಿದ್ದೇವೆ ಎಂದರು. "ಕೊಡಿ, ಧಾರಾಳವಾಗಿ ಕೊಡಿ" ಎಂದೆ. ಆಮೇಲೆ ಅದು ಯಾರಿಗೋ ಎನ್ನಿಸಿ ಪಾಪ ಎನ್ನಿಸಿತು.

ಮೇ ೧೮, ಭಾನುವಾರ

ಕಾಲುಗಳಲ್ಲಿ ವ್ಯತ್ಯಾಸವೇನೂ ಕಾಣುವುದಿಲ್ಲ. ತಿಂಗಳುಗಟ್ಟಲೆ ಬೇಕು, ದಿನಾ ಅಳೆಯಬೇಡಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಟೈಲರಿಗೆ ಅಳೆಯಬೇಡಿ ಎನ್ನುವುದು! ಆದರೂ ಅಳೆದಿಲ್ಲ.

ಅಮ್ಮನ ರಿಪೋರ್ಟು ಬರುವುದು ಇನ್ನೂ ತಡ. ಬಂದರೆ ಅದರಲ್ಲೇನಿರುತ್ತದೆಂದು ಎಲ್ಲರಿಗೂ ಗೊತ್ತು. ಆ ಭಯ ಮನೆಯಲ್ಲಿ ಯಾರಿಗೂ ಉಳಿದಿಲ್ಲ.

ಮಧ್ಯಾಹ್ನ ಊಟವಾಗಿ ಎಲ್ಲರೂ ನೆಲದ ಮೇಲೆ ಕೂತಿದ್ದೆವು. ಏಳಲು ಹೋದ ಅಮ್ಮ ಅರ್ಧಕ್ಕೇ ನಿಂತು, ಮತ್ತೆ ಕೂತು, "ಕಾಲು ನೋಯ್ತಿದೆ ಕಣಮ್ಮ" ಎಂದಳು. ಸಾದಾ ಮಾತು. ಆದರೆ ಹುಟ್ಟಿದಂದಿನಿಂದ ನಾನು ಅಮ್ಮನ ಬಾಯಲ್ಲಿ ಆ ಮಾತನ್ನು ಕೇಳಿರಲಿಲ್ಲ. ಹೇಳಿದ್ದು ನನಗೂ ಅಲ್ಲ, ಇವಳಿಗೆ. ಇವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬಟ್ಟಲಲ್ಲಿ ಎಣ್ಣೆ ತಂದು, ಅಮ್ಮನ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕಲು ಕೂತಳು. ಅಮ್ಮ ಬೇಡ ಎನ್ನಲಿಲ್ಲ. ಕಣ್ಣು ಮುಚ್ಚಿಕೊಂಡಳು.

"ನಂಗೂ ನೋವು" ಎಂದು ಗುಂಡಿ ಪಕ್ಕದಲ್ಲಿ ಕಾಲು ಚಾಚಿದಳು.

ನನಗೂ ನೋಯುತ್ತಿತ್ತು. ಬೆಳಗಿನಿಂದಲೇ ನೋಯುತ್ತಿತ್ತು, ಬಹುಶಃ ಮೂವತ್ತು ವರ್ಷದಿಂದ ನೋಯುತ್ತಿದೆ. "ನಂಗೂ" ಎಂದೆ.

ಇವಳು ತಿಕ್ಕುವುದನ್ನು ನಿಲ್ಲಿಸಿ ನಮ್ಮ ಮೂವರನ್ನೂ ಒಂದು ಸುತ್ತು ನೋಡಿದಳು.

"ಮೂರು ಜನಕ್ಕೆ ಆರು ಕಾಲು, ನಂಗಿರೋದು ಎರಡೇ ಕೈ" ಎಂದಳು. "ಸಾಲಾಗಿ ಕೂತ್ಕೊಳ್ಳಿ, ಬರ್ತೀನಿ."

ಕೂತುಕೊಂಡೆವು.